ಬೀಜ ಒಂಟಿಯಲ್ಲ

ಚಳಿಗಾಲ ಶುರುವಾದರೆ ಜಯನಗರ 4ನೇ ಬ್ಲಾಕಿನ ಮಾರುಕಟ್ಟೆಯ ಸುತ್ತ ಅವರೆಕಾಯಿಯ ರಾಶಿ ಬೀಳುತ್ತದೆ. ಕಾಯಿ ಸುಲಿದು ಕಾಳು ನೆನೆಹಾಕಿ, ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಹಿದುಕಿದ ಬೇಳೆ ಸಾರಿಗೆಂದು ದಕ್ಷಿಣ ಬೆಂಗಳೂರಿನ ಮನೆಮನೆಯಲ್ಲಿ ನಡೆಯುವ ಈ ಕೆಲಸವನ್ನೇ 1672ರಲ್ಲಿ ಇಂಗ್ಲೆಂಡಿನ ವೈದ್ಯ ನೆಹೆಮಯಾ ಗ್ರೂ ಭೂತಗನ್ನಡಿ ಹಿಡಿದು ಮಾಡಿದ. ಅವನ ಕೈಯಲ್ಲಿದ್ದುದು ಅವರೆಯ ದೂರದ ನೆಂಟ, ಅವರ ನಾಡಿನ ತೋಟದ ಹುರುಳಿಕಾಯಿ ಜಾತಿಯ ದಪ್ಪ ಕಾಳು. ಸಿಪ್ಪೆಯಲ್ಲಿ ನೀರು ಒಳಹೋಗುವ ಸಣ್ಣ ರಂಧ್ರ, ಒಳಗೆ ಎರಡು ಬೇಳೆ, ಅವು ಕೂಡುವ ಕಡೆ ಬೇರಾಗುವ ಮೊನೆ, ಅದರ ಎದುರಿಗೆ ಮಡಿಚಿಟ್ಟ ಎಳೆಯ ಎಲೆ. ಗಿಡಗಳ ಒಳರಚನೆಯ ಬಗ್ಗೆ ಗ್ರೂ ಬರೆದ ಪುಸ್ತಕ ಈ ಕಾಳಿನಿಂದಲೇ ಶುರುವಾಗುತ್ತದೆ. ಅದೇ ದಶಕದಲ್ಲಿ ಇಟಲಿಯ ಮಾಲ್ಪೀಗಿ ಮೊಳಕೆಯ ಒಂದೊಂದು ಹಂತವನ್ನೂ ಚಿತ್ರ ಬರೆದಿಟ್ಟ. ಬೀಜದ ವಿಜ್ಞಾನದ ಮೊದಲ ಘಟ್ಟ ಇದು: ಬಿಚ್ಚಿ ನೋಡುವುದು.

ಬಿಚ್ಚಿ ನೋಡಿದವರಿಗೆ ಒಳಗೆ ಎಲೆ ಕಂಡಿತು, ಬೇರು ಕಂಡಿತು. ಹಾಗಾದರೆ ಇಡೀ ಮರವೇ ಚಿಕ್ಕದಾಗಿ ಒಳಗಿರಬೇಕು, ಬೆಳವಣಿಗೆ ಎಂದರೆ ಅದು ಉಬ್ಬುವುದಷ್ಟೇ ಎಂಬ ವಾದ ಯುರೋಪಿನಲ್ಲಿ ನೂರು ವರ್ಷ ನಿಂತಿತು. 1759ರಲ್ಲಿ ಕಾಸ್ಪರ್ ವುಲ್ಫ್ ಎಂಬ ಜರ್ಮನ್ ವಿದ್ಯಾರ್ಥಿ ಕುಡಿಯ ತುದಿಯನ್ನು ನೋಡಿ, ಅಲ್ಲಿ ಮೊದಲೇ ಮಾಡಿಟ್ಟ ಎಲೆ ಯಾವುದೂ ಇಲ್ಲ, ಆಕಾರವಿಲ್ಲದ ಮೆತ್ತನೆಯ ಅಂಶದಿಂದ ಎಲೆ ಹೊಸದಾಗಿ ಹುಟ್ಟುತ್ತದೆ ಎಂದು ತೋರಿಸಿದ. ವುಲ್ಫ್ ಗೆದ್ದ. ಆದರೆ ಹಳೆಯ ವಾದದ ನೆರಳು ಇನ್ನೊಂದು ರೂಪದಲ್ಲಿ ಉಳಿದುಕೊಂಡಿತು. ಬೀಜವೆಂದರೆ ಬೀಗ ಹಾಕಿದ ಪೆಟ್ಟಿಗೆ, ಬೇಕಾದ್ದೆಲ್ಲ ಒಳಗೇ ಇದೆ, ನೀರು ಕೊಟ್ಟರೆ ತೆರೆದುಕೊಳ್ಳುತ್ತದೆ ಎಂಬ ಎಣಿಕೆ. ಶಾಲೆಯಲ್ಲಿ ಹತ್ತಿಯ ಮೇಲೆ ಹೆಸರುಕಾಳಿಟ್ಟು ಮೊಳಕೆ ಬರಿಸುವಾಗ ನಾವೂ ಕಲಿಯುವುದು ಅದನ್ನೇ. ಆಮೇಲಿನ ಇನ್ನೂರು ವರ್ಷಗಳ ಶೋಧಗಳು ಆ ಪೆಟ್ಟಿಗೆಯ ಗೋಡೆಗಳನ್ನು ಒಂದೊಂದಾಗಿ ಕೆಡವಿದವು. ನಮ್ಮ ಕಡೆಯ ಗಿಡಮರಗಳು, ನಮ್ಮ ಕಡೆಯ ವಿಜ್ಞಾನಿಗಳು ಈ ಚರಿತ್ರೆಯಲ್ಲಿ ಬರುವುದೂ ಬಹುಪಾಲು ಆ ಕೆಡವುವ ಕೆಲಸದಲ್ಲಿಯೇ.

ರೈತರಿಗೆ ಬೀಜ ಹೊರಗಿನದನ್ನು ಗಮನಿಸುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಿತ್ತು. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಬೀಜವನ್ನು ಹಾಲಿನಲ್ಲಿ ನೆನೆಸಿ, ತುಪ್ಪ ಸವರಿ, ಸಗಣಿಯಲ್ಲಿ ಉಜ್ಜಿ, ಹೊಗೆ ಹಾಕಿ ಬಿತ್ತುವ ಕ್ರಮವಿದೆ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲೂ ವೃಕ್ಷಾಯುರ್ವೇದಕ್ಕೆ ಒಂದು ಭಾಗ ಮೀಸಲಾಗಿದೆ. ಜ್ಯೋತಿಷ, ವಾಸ್ತು, ಅಡುಗೆಯ ಜೊತೆಗೆ ಗಿಡ ಬೆಳೆಸುವುದೂ ಗೃಹಸ್ಥನಿಗೆ ತಿಳಿದಿರಬೇಕಾದ ವಿದ್ಯೆ ಎಂಬ ಲೆಕ್ಕ. ಇವನ್ನು ಓದಿ ನಮ್ಮವರಿಗೆ ಎಲ್ಲವೂ ತಿಳಿದಿತ್ತು ಎನ್ನುವವರೂ ಇದ್ದಾರೆ, ಎಲ್ಲವೂ ಮೌಢ್ಯ ಎನ್ನುವವರೂ ಇದ್ದಾರೆ. ಇಬ್ಬರಿಗೂ ಓದುವ ತಾಳ್ಮೆ ಕಡಿಮೆ. ಅವು ಕೈಪಿಡಿಗಳು, ಏನು ಮಾಡಬೇಕೆಂದು ಹೇಳುತ್ತವೆ, ಏಕೆ ಎಂದು ಕೇಳುವುದಿಲ್ಲ. ಹೊಗೆಯ ವಿಷಯವನ್ನು ಮಾತ್ರ ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ದೊಡ್ಡ ಜಗಳ ಭ್ರೂಣ ಎಲ್ಲಿಂದ ಬಂತು ಎಂಬುದರ ಮೇಲೆ. ಪರಾಗನಾಳದ ತುದಿಯೇ ಭ್ರೂಣವಾಗುತ್ತದೆ, ತಾಯಿಗಿಡ ಬರೀ ತೊಟ್ಟಿಲು ಎಂದು ಷ್ಲೈಡನ್ ಹಟ ಹಿಡಿದ. ಅಮಿಚಿ, ಹಾಫ್‌ಮೈಸ್ಟರ್ ಅದನ್ನು ಸುಳ್ಳು ಮಾಡಿದರು. 1884ರಲ್ಲಿ ಸ್ಟ್ರಾಸ್‌ಬರ್ಗರ್ ಗಂಡು ಹೆಣ್ಣು ಕೋಶಕೇಂದ್ರಗಳು ಕೂಡುವುದನ್ನು ಕಂಡ. 1898ರಲ್ಲಿ ರಷ್ಯಾದ ನವಾಶಿನ್, ಮರುವರ್ಷ ಫ್ರಾನ್ಸಿನ ಗಿನ್ಯಾರ್, ಹೂಬಿಡುವ ಗಿಡದಲ್ಲಿ ಕೂಡುವಿಕೆ ಒಂದಲ್ಲ ಎರಡು ಎಂದು ತೋರಿಸಿದರು. ಒಂದು ಗಂಡುಕೋಶ ಅಂಡದೊಡನೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು, ತಾಯಿಯ ಬೇರೆರಡು ಕೋಶಕೇಂದ್ರಗಳೊಡನೆ ಸೇರಿ ಭ್ರೂಣಕ್ಕೆ ಉಣಿಸುವ ಅಂಗಾಂಶವಾಗುತ್ತದೆ. ನಾವು ಉಣ್ಣುವ ಅಕ್ಕಿ, ರಾಗಿ, ಜೋಳದ ಹಿಟ್ಟೆಲ್ಲ ಈ ಎರಡನೆಯ ಕೂಡುವಿಕೆಯ ಫಲ. ಭ್ರೂಣದ ಪಾಲಿನ ಬುತ್ತಿಯನ್ನೇ ನಾವು ಬೀಸಿ ಮುದ್ದೆ ಕಟ್ಟುತ್ತೇವೆ.

ಈ ಭ್ರೂಣಶಾಸ್ತ್ರ ಬೆಂಗಳೂರಿಗೆ ಬಂದದ್ದು ಸೆಂಟ್ರಲ್ ಕಾಲೇಜಿನ ಮೂಲಕ. ಅಲ್ಲಿ ಓದಿದವರಲ್ಲಿ ಕನ್ನಡಿಗರಿಗೆಲ್ಲ ಪರಿಚಿತ ಹೆಸರು ಬಿ.ಜಿ.ಎಲ್. ಸ್ವಾಮಿ (1918–1980). ಬಸವನಗುಡಿಯ ಡಿ.ವಿ. ಗುಂಡಪ್ಪನವರ ಮಗ, 1978ರಲ್ಲಿ 'ಹಸುರು ಹೊನ್ನು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಹಾಸ್ಯವನ್ನು ಮೆಚ್ಚುವ ಓದುಗರಲ್ಲಿ ಅವರ ಮುಖ್ಯ ಕೆಲಸವೇನು ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ದುಡಿದು, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸ್ವಾಮಿ, ಆರ್ಕಿಡ್‌ಗಳ ಭ್ರೂಣ ಬೆಳೆಯುವ ಬಗೆಗಳನ್ನು ಜಾತಿಜಾತಿಯಾಗಿ ಪರೀಕ್ಷಿಸಿ ವಿಂಗಡಿಸಿದರು. 1949ರಲ್ಲಿ ಪ್ರಕಟವಾದ ಅವರ ಆರ್ಕಿಡ್ ಲೇಖನಗಳನ್ನು ಆ ಕ್ಷೇತ್ರದವರು ಈಗಲೂ ಉಲ್ಲೇಖಿಸುತ್ತಾರೆ.

ಆರ್ಕಿಡ್ ಯಾಕೆ ಮುಖ್ಯ? ಅದರ ಬೀಜ ಬೀಜವೆನ್ನುವುದಕ್ಕೇ ನಾಚಬೇಕಾದಷ್ಟು ಬಡವ. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಪ್ರತಿಯೊಂದರಲ್ಲೂ ಬೇರು ಯಾವುದು ಎಲೆ ಯಾವುದು ಎಂದು ಇನ್ನೂ ತೀರ್ಮಾನವಾಗದ ಕೆಲವೇ ಕೋಶಗಳ ಗುಂಪು. ಭ್ರೂಣಕ್ಕೆ ಉಣಿಸುವ ಅಂಗಾಂಶ ಶುರುವಿನಲ್ಲೇ ನಿಂತುಹೋಗುತ್ತದೆ. ಬುತ್ತಿಯಿಲ್ಲದೆ ಹೊರಟ ಈ ಬೀಜ ಮೊಳೆಯುವುದು ಹೇಗೆ ಎಂಬುದಕ್ಕೆ 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಉತ್ತರ ಕಂಡುಕೊಂಡ: ಮಣ್ಣಿನ ಒಂದು ಶಿಲೀಂಧ್ರ ಒಳಹೊಕ್ಕು ಊಟ ಕೊಟ್ಟರೆ ಮಾತ್ರ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರದ ಬದಲು ಅಗರ್ ಮೇಲೆ ಸಕ್ಕರೆ ಕೊಟ್ಟು ಬಾಟಲಿಯಲ್ಲೇ ಆರ್ಕಿಡ್ ಮೊಳಕೆ ಬರಿಸಿದ. ಇಂದು ಹೂವಿನಂಗಡಿಗಳಲ್ಲಿ ಆರ್ಕಿಡ್ ಇಷ್ಟು ಸಲೀಸಾಗಿ ಸಿಗುವುದಕ್ಕೆ ಆ ಸಕ್ಕರೆಯೇ ಕಾರಣ. ಕಾಡಿನಲ್ಲಿ ಮಾತ್ರ ಹಳೆಯ ನಿಯಮವೇ. ಜೊತೆಗಾರನಿಲ್ಲದಿದ್ದರೆ ಬೀಜ ದೂಳು.

ಪೆಟ್ಟಿಗೆಯ ಇನ್ನೊಂದು ಗೋಡೆ ಬಿದ್ದದ್ದು ರಸಾಯನದ ಕಡೆಯಿಂದ. 1806ರಲ್ಲಿ ಥಾಮಸ್ ನೈಟ್ ನೀರಿನಿಂದ ತಿರುಗುವ ಚಕ್ರಕ್ಕೆ ಬೀಜ ಕಟ್ಟಿ, ಬೇರು ಹೊರಕ್ಕೂ ಕುಡಿ ಒಳಕ್ಕೂ ಬೆಳೆಯುವುದನ್ನು ಕಂಡು, ಮೊಳಕೆ ಭಾರದ ದಿಕ್ಕನ್ನು ಅರಿಯುತ್ತದೆ ಎಂದಿದ್ದ. 1880ರಲ್ಲಿ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಹುಲ್ಲಿನ ಮೊಳಕೆಯ ತುದಿಗೆ ಪುಟ್ಟ ಟೋಪಿ ತೊಡಿಸಿ, ಬೆಳಕನ್ನು ಕಾಣುವುದು ತುದಿ, ಬಾಗುವುದು ಕೆಳಗಿನ ಭಾಗ ಎಂದು ತೋರಿಸಿದ. ನಡುವೆ ಸುದ್ದಿ ಒಯ್ಯುವ ವಸ್ತು ಆಕ್ಸಿನ್ ಎಂದು 1920ರ ದಶಕದಲ್ಲಿ ಗೊತ್ತಾಯಿತು. ಅದೇ ದಶಕದಲ್ಲಿ, 1926ರಲ್ಲಿ, ಭತ್ತದ ಪೈರು ಅಸಹಜವಾಗಿ ಉದ್ದ ಬೆಳೆದು ಬಿದ್ದುಹೋಗುವ ರೋಗವನ್ನು ನೋಡುತ್ತಿದ್ದ ಜಪಾನಿನ ಕುರೊಸಾವಾ, ಶಿಲೀಂಧ್ರ ಬೆಳೆದ ದ್ರವವನ್ನಷ್ಟೇ ಕೊಟ್ಟರೂ ಪೈರು ಉದ್ದವಾಗುತ್ತದೆಂದು ತೋರಿಸಿದ. ಆ ವಸ್ತುವಿಗೆ 1935ರಲ್ಲಿ ಜಿಬ್ಬರೆಲಿನ್ ಎಂಬ ಹೆಸರಾಯಿತು. 1958ರಲ್ಲಿ ಅದು ಹುರುಳಿಕಾಯಿ ಜಾತಿಯ ಎಳೆ ಬೀಜದಲ್ಲೇ ಸಿಕ್ಕಾಗ ವಿಷಯ ಸ್ಪಷ್ಟವಾಯಿತು: ರೋಗಾಣು ಗಿಡದ ಸ್ವಂತ ಭಾಷೆಯಲ್ಲೇ ಅದಕ್ಕೆ ಸುಳ್ಳು ಹೇಳುತ್ತಿತ್ತು.

ಜಿಬ್ಬರೆಲಿನ್ ಬೀಜದಲ್ಲಿ ಮಾಡುವ ಕೆಲಸ ನೋಡಲು ನಮ್ಮಲ್ಲಿ ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಬಿಟ್ಟರೆ ಬಿಳಿ ಮೊಳಕೆ ಬರುತ್ತದೆ. ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ನಸುಬಿಸಿಯಲ್ಲಿ ಹುರಿದು ಬೀಸಿದರೆ ಮಗುವಿಗೆ ಕೊಡುವ ಮೊಳಕೆ ರಾಗಿ ಹಿಟ್ಟು. ಮಾಮೂಲಿ ರಾಗಿ ಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ. ಅಷ್ಟೇ ಮೊಳಕೆ ಹಿಟ್ಟು ಹಾಕಿದರೆ ತೆಳ್ಳಗಿರುತ್ತದೆ, ನಸುಸಿಹಿಯೂ ಇರುತ್ತದೆ. ನೀರು ಕುಡಿದ ಭ್ರೂಣ ಜಿಬ್ಬರೆಲಿನ್ ಸುರಿಸುತ್ತದೆ. ಹಿಟ್ಟಿನ ಭಾಗವನ್ನು ಸುತ್ತಿರುವ ತೆಳುವಾದ ಜೀವಂತ ಪದರ ಆ ಸಂಕೇತ ಸಿಕ್ಕೊಡನೆ ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತದೆ. ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಈ ಸರಪಳಿಯನ್ನು ಬಾರ್ಲಿಯಲ್ಲಿ 1960ರಲ್ಲಿ ಆಸ್ಟ್ರೇಲಿಯದ ಪಾಲೆಗ್, ಜಪಾನಿನ ಯೊಮೊ ಪ್ರತ್ಯೇಕವಾಗಿ ಬಿಡಿಸಿದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಂಗಡಿಗರು ಕಿರುಧಾನ್ಯಗಳನ್ನು ಮೊಳಕೆ ಬರಿಸಿ ಹೋಲಿಸಿದಾಗ, ಈ ಕೆಲಸಕ್ಕೆ ರಾಗಿ ಉಳಿದವಕ್ಕಿಂತ ಮೇಲು ಎಂದು ಕಂಡುಬಂತು. ಮಗುವಿಗೆ ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಕುಡಿಸಬಹುದು ಎಂಬುದು ಇದರ ದೊಡ್ಡ ಪ್ರಯೋಜನ; ಎಳೆಗಂದಮ್ಮಗಳ ಹೊಟ್ಟೆ ಚಿಕ್ಕದು.

ಜಿಬ್ಬರೆಲಿನ್ ನರ್ಸರಿಗಳಿಗೂ ಬಂತು. ಶ್ರೀಗಂಧದ ಬೀಜ ಬಿದ್ದ ತಕ್ಷಣ ಮೊಳೆಯುವುದಿಲ್ಲ, ಸುಮಾರು ಎರಡು ತಿಂಗಳು ಸುಪ್ತವಾಗಿರುತ್ತದೆ. ಜಿಬ್ಬರೆಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿದರೆ ಬೇಗ, ಒಟ್ಟಾಗಿ ಮೊಳೆಯುತ್ತದೆ. ಶ್ರೀಗಂಧದ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅದರ ಅಂಡಕಕ್ಕೆ ಹೊದಿಕೆಯೇ ಇಲ್ಲ, ಆದ್ದರಿಂದ ಬೀಜಕ್ಕೆ ನಿಜವಾದ ಸಿಪ್ಪೆಯೂ ಇಲ್ಲ. ಹೊರಗಿನ ಗಟ್ಟಿ ಚಿಪ್ಪು ಹಣ್ಣಿನದು. ಈ ವಿಚಿತ್ರ ಕುಟುಂಬದ ಭ್ರೂಣರಚನೆಯ ಬಗ್ಗೆ ಎಲ್. ನಾರಾಯಣ ರಾವ್ 1942ರಲ್ಲಿ ವಿವರವಾಗಿ ಬರೆದರು. ಇನ್ನೊಂದು ವಿಚಿತ್ರ ಮೊಳೆತ ಮೇಲೆ. ಸಸಿಯ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಲವಣ ಹೀರುತ್ತದೆ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಜಾನ್ ಸ್ಕಾಟ್ 1871ರಲ್ಲಿ ಇದನ್ನು ತೋರಿಸುವವರೆಗೆ, ಒಂಟಿಯಾಗಿ ನೆಟ್ಟ ಗಂಧದ ಸಸಿ ಏಕೆ ಸೊರಗುತ್ತದೆ ಎಂಬುದಕ್ಕೆ ಉತ್ತರವಿರಲಿಲ್ಲ. ಈಗ ನರ್ಸರಿಯವರು ಗಂಧದ ಸಸಿಯ ಚೀಲದಲ್ಲೇ ಒಂದು ತೊಗರಿ ಕಾಳು ಊರುತ್ತಾರೆ. 2001ರ ಕಾನೂನು ತಿದ್ದುಪಡಿಯ ನಂತರ ಖಾಸಗಿ ಜಮೀನಿನಲ್ಲಿ ಗಂಧ ಬೆಳೆಸಲು ಹೊರಟು, ಸಾಲಿಗೆ ಸಾಲು ಬರೀ ಗಂಧವನ್ನೇ ನೆಟ್ಟವರು ಈ ಪಾಠವನ್ನು ದುಬಾರಿ ಬೆಲೆಗೆ ಕಲಿಯಬೇಕಾಗುತ್ತದೆ.

ಬೆಳಕಿನ ಶೋಧ ಚಿಕ್ಕದಾದರೂ ಸೊಗಸು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ತಂಡ ಲೆಟಿಸ್ ಬೀಜಕ್ಕೆ ಕೆಂಪು ಬೆಳಕು ಹಾಯಿಸಿದರೆ ಮೊಳೆಯಿತು. ಹಿಂದೆಯೇ ಕಡುಗೆಂಪು ಹಾಯಿಸಿದರೆ ಮೊಳೆಯಲಿಲ್ಲ. ಎಷ್ಟು ಸಲ ಬದಲಾಯಿಸಿದರೂ ಕೊನೆಯ ಬೆಳಕಿನ ಮಾತೇ ನಡೆಯಿತು. ಈ ಸ್ವಿಚ್ಚಿನಂಥ ವರ್ಣಕ ಫೈಟೊಕ್ರೋಮ್. ಎಲೆಗಳು ಕೆಂಪನ್ನು ಹೀರಿ ಕಡುಗೆಂಪನ್ನು ಕೆಳಗೆ ಬಿಡುವುದರಿಂದ, ಮರದ ನೆರಳಿನಲ್ಲಿ ಬಿದ್ದ ಬೀಜಕ್ಕೆ ತಲೆಯ ಮೇಲೆ ಬೇರೆಯವರಿದ್ದಾರೆ ಎಂದು ಗೊತ್ತಾಗುತ್ತದೆ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ತಾರಸಿ ತೋಟಗಾರರು ಲೆಟಿಸ್ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಸುಮ್ಮನೆ ಒತ್ತಿ ಬಿಡುವುದು, ಕುಂಡದ ಮಣ್ಣು ಕೆದಕಿದ ವಾರದಲ್ಲೇ ಕಳೆ ಹುಟ್ಟುವುದು, ಎರಡರ ಹಿಂದೆಯೂ ಇದೇ ವರ್ಣಕವಿದೆ.

ಅಷ್ಟರಲ್ಲಿ ಬೀಜ ವ್ಯಾಪಾರವೂ ಬೆಳೆದಿತ್ತು. ಹೈದರಾಲಿ 1760ರಲ್ಲಿ ಶುರುಮಾಡಿದ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್, ಬೇರೆ ಬೇರೆ ದೇಶಗಳೊಡನೆ ಬೀಜ, ಸಸಿ ವಿನಿಮಯ ಮಾಡುತ್ತ ಬಂತು. ಅದರ ಸಿದ್ದಾಪುರದ ಕಡೆಯ ಗೇಟಿನ ಹೊರಗೆ, ಜಯನಗರಕ್ಕೆ ಅಂಟಿಕೊಂಡಂತೆ, ನರ್ಸರಿಗಳ ಸಾಲೇ ಬೆಳೆಯಿತು. ಬನಶಂಕರಿಯ ವಿಳಾಸದಿಂದ ಮನಮೋಹನ ಅತ್ತಾವರ ಅವರ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊ, 'ಭಾರತ್' ಎಂಬ ದಪ್ಪ ಮೆಣಸಿನಕಾಯಿ ತಳಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಹೈಬ್ರಿಡ್ ಬೀಜದ ಗುಟ್ಟು ಕೈಕೆಲಸದಲ್ಲಿದೆ. ರಾಣೆಬೆನ್ನೂರಿನ ಸುತ್ತಮುತ್ತಲ ಹೊಲಗಳಲ್ಲಿ ಹೆಣ್ಣುಮಕ್ಕಳು ಚಿಮಟ ಹಿಡಿದು, ಅರಳುವ ಮುಂಚೆಯೇ ಮೊಗ್ಗಿನ ಕೇಸರಗಳನ್ನು ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಒಂದೊಂದು ಹೂವಿಗೂ ಮುಟ್ಟಿಸುತ್ತಾರೆ. ಮೊದಲ ಪೀಳಿಗೆ ಒಂದೇ ಸಮ ಬರುತ್ತದೆ; ಅದರ ಬೀಜ ಉಳಿಸಿ ಬಿತ್ತಿದರೆ ಮೆಂಡೆಲ್ 1866ರಲ್ಲಿ ಹೇಳಿದಂತೆ ಗುಣಗಳು ಚದುರುತ್ತವೆ. ಬೀಜ ಎತ್ತಿಡುವ ಅಭ್ಯಾಸ ರೈತರ ಕೈಬಿಟ್ಟಿದ್ದು ಇಲ್ಲಿಂದ. ಇದರ ಲಾಭ ನಷ್ಟದ ಚರ್ಚೆ ಬೇರೆಯೇ ಲೇಖನಕ್ಕೆ ಸೇರಿದ್ದು. ದೇಸಿ ಬೀಜ ಮೇಳಗಳಲ್ಲಿ ನಿಂತವರ ಸಿಟ್ಟಿಗೆ ಕಾರಣವಿದೆ ಎಂದಷ್ಟೇ ಹೇಳಬಲ್ಲೆ.

ಈ ಸಮೀಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವ ಅಧ್ಯಾಯ ಬೆಂಗಳೂರಿನದ್ದೇ. ಜಯನಗರ, ಬನಶಂಕರಿಯ ರಸ್ತೆಗಳಲ್ಲಿ ಹೊಂಗೆ ಮರಗಳಿಗೆ ಬರವಿಲ್ಲ. ಪಾದಚಾರಿ ದಾರಿಯಲ್ಲಿ ಬಿದ್ದ ಹೊಂಗೆಕಾಯಿ ಎತ್ತಿ ಒಡೆದು ನೋಡಿ: ಬಹುತೇಕ ಒಂದೇ ಬೀಜ. ಹೂವಿನಲ್ಲಿ ಇದ್ದ ಅಂಡಕಗಳು ಎರಡು. ಇನ್ನೊಂದು ಏನಾಯಿತು? ಪರಾಗ ಸಾಲಲಿಲ್ಲ, ತಾಯಿಯ ಬಳಿ ಆಹಾರ ಸಾಲಲಿಲ್ಲ ಎಂಬುದು ಹಳೆಯ ಉತ್ತರ. ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್ 1980ರ ದಶಕದಿಂದ ಈ ಪ್ರಶ್ನೆಯ ಬೆನ್ನು ಹತ್ತಿದರು. ಗಣೇಶಯ್ಯನವರನ್ನು ಕನ್ನಡದವರು ಕಾದಂಬರಿಕಾರರಾಗಿ ಬಲ್ಲರು. ಸ್ವಾಮಿಯವರ ಹಾಗೆ ಇವರಿಗೂ ಸಾಹಿತ್ಯದ ಖ್ಯಾತಿ ವಿಜ್ಞಾನವನ್ನು ಮರೆಮಾಡಿದೆ. ಬೀಟೆಯ ಕುಲದ ಸಿಸ್ಸೂ ಮರದ ಕಾಯಿಗಳ ಬಗ್ಗೆ 1988ರಲ್ಲಿ ಅವರು ಮುಂದಿಟ್ಟ ಉತ್ತರ ಹೀಗಿತ್ತು. ಮೊದಲು ಫಲಿತವಾದ ಅಂಡಕ ತನ್ನ ಒಡಹುಟ್ಟುಗಳನ್ನು ಕೊಲ್ಲುತ್ತದೆ. ಒಂದೇ ಬೀಜವಿರುವ ಕಾಯಿ ಹಗುರ, ಗಾಳಿಯಲ್ಲಿ ದೂರ ಹೋಗುತ್ತದೆ. ಬದುಕುಳಿದ ಬೀಜಕ್ಕೆ ಅದು ಲಾಭ.

ನೇರಳೆಯಲ್ಲಿ ಲೆಕ್ಕ ಇನ್ನೂ ಕಠೋರ. ಒಂದು ಹೂವಿನ ಅಂಡಾಶಯದಲ್ಲಿ ಇಪ್ಪತ್ತೈದು ಮೂವತ್ತು ಅಂಡಕಗಳಿದ್ದರೂ ಹಣ್ಣಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಒಂದು ಬೀಜ. ಇದರ ರಾಸಾಯನಿಕ ಆಧಾರವನ್ನು ಈ ತಂಡ 1997ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಚರ್ಚಿಸಿತು. 1999ರಲ್ಲಿ ಹೊಂಗೆಯ ಸರದಿ: ಶಲಾಕಾಗ್ರದ ಕಡೆಯ ಅಂಡಕಕ್ಕೆ ಪರಾಗನಾಳ ಮೊದಲು ತಲುಪುತ್ತದೆ, ಆ ಮುನ್ನಡೆಯಲ್ಲೇ ಅದು ಮೇಲುಗೈ ಸಾಧಿಸುತ್ತದೆ, ತೊಟ್ಟಿನ ಕಡೆಯದು ತಾಯಿಗೆ ಹತ್ತಿರವಿದ್ದೂ ಹಸಿವಿನಿಂದ ಸೊರಗುತ್ತದೆ. ತಾಯಿ ಮಕ್ಕಳ ಹಿತಗಳು ಎಲ್ಲ ಕಾಲಕ್ಕೂ ಒಂದೇ ಅಲ್ಲ ಎಂಬ ವಾದವನ್ನು ಪ್ರಾಣಿಗಳಿಗಾಗಿ ಅಮೆರಿಕದ ಟ್ರೈವರ್ಸ್ 1974ರಲ್ಲಿ ಮಂಡಿಸಿದ್ದ. ಅದನ್ನು ಕಾಯಿಯೊಳಗೆ ತಂದು, ಬೀಜದ ಸಂಖ್ಯೆಯನ್ನು ಕುಟುಂಬದ ಜಗಳವಾಗಿ ಓದಿದ ತಂಡಗಳಲ್ಲಿ ಬೆಂಗಳೂರಿನದು ಮುಂಚೂಣಿಯದು. ಒಂದು ಬೀಜದ ಬೆಳವಣಿಗೆಯನ್ನು ಅದರ ಜೊತೆ ಹುಟ್ಟಿ ಸತ್ತವನ್ನು ಬಿಟ್ಟು ವಿವರಿಸುವಂತಿಲ್ಲ ಎಂದಾಯಿತು.

ವಂಶವಾಹಿಗಳ ಯುಗವನ್ನು ಬೇಗ ದಾಟುತ್ತೇನೆ, ಅದರ ಬಗ್ಗೆ ಬರೆಯುವವರು ಬಹಳ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಕಳೆಗಿಡದ ರೂಪಾಂತರಗಳನ್ನು ಹುಡುಕಿ 1991ರಲ್ಲಿ ಜರ್ಮನಿಯ ಗೆರ್ಡ್ ಯೂರ್ಗೆನ್ಸ್ ತಂಡ ಭ್ರೂಣದ ಬುಡ, ನಡು, ತುದಿಗಳನ್ನು ನಿರ್ಧರಿಸುವ ಜೀನ್‌ಗಳನ್ನು ಗುರುತಿಸಿತು. 2000ದಲ್ಲಿ ಆ ಗಿಡದ ಪೂರ್ತಿ ಜೀನೋಮ್ ಓದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಷಾ ವಿಜಯರಾಘವನ್ ಭತ್ತದ ತೆನೆ, ಹೂ ರೂಪುಗೊಳ್ಳುವ ಜೀನ್‌ಗಳನ್ನು ಬಿಡಿಸಿದರು. ಎಲೆ ಸುರುಳಿಯಾಗದೆ ಚಪ್ಪಟೆಯಾಗಲು ಯಾವ ಜೀನ್ ಬೇಕೆಂದು 2003ರಲ್ಲಿ ಬ್ರಿಟನ್ನಿನಲ್ಲಿದ್ದಾಗ ತೋರಿಸಿದ ಉತ್ಪಲ್ ನಾಥ್ ಈಗ ಅದೇ ಸಂಸ್ಥೆಯಲ್ಲಿದ್ದಾರೆ. ಹೊಗೆಯ ವಿಷಯ ನೆನಪಿಡಿ ಎಂದಿದ್ದೆನಲ್ಲ: ಕಾಳ್ಗಿಚ್ಚಿನ ನಂತರ ಬೀಜ ಮೊಳೆಸುವ ವಸ್ತು ಹೊಗೆಯಲ್ಲಿದೆ ಎಂದು 2004ರಲ್ಲಿ ಆಸ್ಟ್ರೇಲಿಯದವರು ಅದನ್ನು ಬೇರ್ಪಡಿಸಿದರು, ಆಮೇಲೆ ಅದಕ್ಕೆ ಕ್ಯಾರಿಕಿನ್ ಎಂಬ ಹೆಸರಾಯಿತು. ವರಾಹಮಿಹಿರ ಹೇಳಿದ ಹೊಗೆ ಮಾಂಸದ್ದು. ಎರಡನ್ನೂ ಒಂದೇ ಎನ್ನುವುದು ಆತುರ. ಆದರೆ ಪರೀಕ್ಷೆಗೆ ಯೋಗ್ಯವಲ್ಲ ಎಂದು ಯಾರೂ ತಳ್ಳಿಹಾಕುವಂತಿಲ್ಲ.

ಈಗ ಕ್ಷೇತ್ರ ತಡವರಿಸುತ್ತಿರುವುದು ಒಣಗುವಿಕೆಯ ಮುಂದೆ. ರಾಗಿ, ಭತ್ತ, ಅವರೆಯ ಬೀಜ ತಾಯಿಗಿಡದಲ್ಲೇ ಒಣಗಿ, ಬದುಕನ್ನು ತೀರ ಕೆಳಮಟ್ಟಕ್ಕೆ ಇಳಿಸಿಕೊಂಡು ಕಾಯಬಲ್ಲದು. ತೇವಾಂಶ ಶೇ. 1ರಷ್ಟು ಇಳಿದರೆ ಆಯುಷ್ಯ ಸುಮಾರು ಇಮ್ಮಡಿ ಎಂಬುದು ಬೀಜ ಸಂಗ್ರಾಹಕರ ಹೆಬ್ಬೆರಳ ಲೆಕ್ಕ. ಬಿತ್ತನೆ ಬೀಜವನ್ನು ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಟ್ಟವರು ಸಾಧಿಸಿದ್ದೂ ಇದನ್ನೇ. 1973ರಲ್ಲಿ ಬ್ರಿಟನ್ನಿನ ರಾಬರ್ಟ್ಸ್, ಬೀಜಗಳಲ್ಲಿ ಹೀಗೆ ಒಣಗಿ ಉಳಿಯುವವು, ಒಣಗಿದರೆ ಸಾಯುವವು ಎಂದು ಎರಡು ಪಂಗಡ ಮಾಡಿದ. ಹಲಸು, ಮಾವು, ನೇರಳೆ, ಪಶ್ಚಿಮ ಘಟ್ಟದ ಎಷ್ಟೋ ಮರಗಳು ಎರಡನೆಯ ಪಂಗಡದವು. ಅವಕ್ಕೆ ಮೈನಸ್ 18 ಡಿಗ್ರಿಯ ಬೀಜ ಬ್ಯಾಂಕು ಸ್ಮಶಾನ.

ಆ ಪಂಗಡದ ತುತ್ತತುದಿಯಲ್ಲಿರುವುದು ನಮ್ಮ ಸೀಮೆ ಬದನೆಕಾಯಿ. 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಇಲ್ಲಿಗೆ ತಂದರೆಂದು ಹೇಳುವ ಈ ತರಕಾರಿಗೆ ತಮಿಳರು ಇಂದಿಗೂ ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ. ಅದರ ಕಾಯಿಯಲ್ಲಿ ಒಂದೇ ಚಪ್ಪಟೆ ಬೀಜ, ಗಟ್ಟಿ ಸಿಪ್ಪೆಯಿಲ್ಲ. ಕಾಯಿ ಬಳ್ಳಿಯಲ್ಲಿರುವಾಗಲೇ ಒಳಗೆ ಮೊಳೆಯಬಲ್ಲದು. ಬೀಜ ಬಿಡಿಸಿ ಒಣಗಿಸಿದರೆ ಸತ್ತುಹೋಗುತ್ತದೆ. ಇಂಥವಕ್ಕಾಗಿ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊದಂಥ ಕಡೆ ಬೀಜವನ್ನು ಬಿಟ್ಟು, ಅದರೊಳಗಿನ ಭ್ರೂಣದ ಅಚ್ಚನ್ನಷ್ಟೇ ಬಿಡಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ವಿಧಾನ ಪಳಗಿದೆ. ಹಲಸು, ಚಹಾ ಗಿಡಗಳಲ್ಲಿ ಅದು ಫಲಿಸಿದೆ. ಉಳಿದವನ್ನು ಮರವಾಗಿ, ಬಳ್ಳಿಯಾಗಿ, ತೋಟದಲ್ಲೇ ಕಾಪಾಡಬೇಕು. ಸೀಮೆ ಬದನೆ ಬಳ್ಳಿ ಬೇಕೆಂದು ಕೇಳಿದವರಿಗೆ ನರ್ಸರಿಯವರು ಬೀಜದ ಪೊಟ್ಟಣ ಕೊಡುವುದಿಲ್ಲ. ಮೊಳಕೆ ಹೊರಗೆ ಇಣುಕುತ್ತಿರುವ ಒಂದು ಬಲಿತ ಕಾಯನ್ನು ಕೊಟ್ಟು, ಮೊಳಕೆಯಿರುವ ಅಗಲದ ತುದಿ ಕೆಳಗೆ ಬರುವಂತೆ ಓರೆಯಾಗಿ ಅರ್ಧ ಹೂತಿಡಿ ಎನ್ನುತ್ತಾರೆ.